ದೊಡ್ಡಮ್ಮನ ಕೈ ನಿಂತ ಹೊತ್ತು

ಅವಳ ಬಲಗೈಯ ಹೆಬ್ಬೆರಳು, ತೋರುಬೆರಳುಗಳ ತುದಿಗಳು ಯಾವಾಗಲೂ ಬೂದಿ ಬಣ್ಣಕ್ಕಿರುತ್ತಿದ್ದವು. ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಗೆರೆಗಳಂತೂ ಪೂರ್ತಿ ಸವೆದುಹೋಗಿದ್ದವು. ರೇಷನ್ ಅಂಗಡಿಯ ಮೆಷಿನ್ನಿನ ಮೇಲೆ ಬೆರಳು ಒತ್ತಿದಾಗಲೆಲ್ಲ ಅದು ಇಂಥವರು ಯಾರೂ ಇಲ್ಲ ಎಂದು ಕೆಂಪು ದೀಪ ತೋರಿಸುವುದು, ಅಂಗಡಿಯವನು ಇನ್ನೊಂದು ಬೆರಳು ಇಡಿ ಅಜ್ಜಿ ಎಂದು ತಮಿಳಿನಲ್ಲಿ ಹೇಳುವುದು, ಇವಳು ಆ ಮೆಷಿನ್ನಿಗೂ ಅವನಿಗೂ ಸೇರಿಸಿ ಕನ್ನಡದಲ್ಲಿ ಬೈಯುವುದು ಪ್ರತಿ ತಿಂಗಳ ಕತೆ. ಅವನಿಗೆ ಅರ್ಥವಾಗುತ್ತಿರಲಿಲ್ಲ ಅಂತ ಅವಳ ನಂಬಿಕೆ. ಅವನ ಹೆಂಡತಿ ಕನ್ನಡದವಳೇ, ಅವನಿಗೆ ಎಲ್ಲ ಅರ್ಥವಾಗುತ್ತಿತ್ತು.

ನಮ್ಮದು ತಮಿಳುನಾಡಿನ ಎಡಪ್ಪಾಡಿ, ನೇಕಾರರ ಊರು. ನಮ್ಮ ಬೀದಿಯಲ್ಲಿ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಮಗ್ಗದಲ್ಲಿ ಉದ್ದೆಳೆಗಳ ಒಂದು ಹಾಸು ನೇಯ್ದು ಮುಗಿದರೆ ಹೊಸ ಹಾಸು ತಂದು, ಹಳೆಯದರ ತುದಿಗೆ ಒಂದೊಂದೇ ಎಳೆಯಾಗಿ ಸೇರಿಸಬೇಕು. ಹಳೆಯ ಎಳೆ ಒಂದು, ಹೊಸ ಎಳೆ ಒಂದು, ಬೆರಳಿಗಿಷ್ಟು ಬೂದಿ, ಒಂದು ಹೊಸೆತ. ಇದನ್ನು ಕೆಚ್ಚುವುದು ಅನ್ನುತ್ತೇವೆ. ಒಂದು ಸೀರೆಯ ಅಗಲಕ್ಕೆ ಸಾವಿರಾರು ಎಳೆ. ಬೆಳಿಗ್ಗೆ ಕೂತವಳು ಏಳುವಾಗ ಸಾಯಂಕಾಲ. ನೇಯುವವರು ಮನೆಮನೆಯಲ್ಲೂ ಇದ್ದರು, ಕೆಚ್ಚುವವಳು ಮಾತ್ರ ಬೀದಿಗೆಲ್ಲ ಇವಳೊಬ್ಬಳೇ. ನನಗೆ ರಕ್ತಸಂಬಂಧ ಏನೂ ಅಲ್ಲ, ಪಕ್ಕದ ಮನೆ. ಎಲ್ಲರಿಗೂ ದೊಡ್ಡಮ್ಮ, ನನಗೂ ದೊಡ್ಡಮ್ಮ. ಗಂಡ ತೀರಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ.

ಮಗ್ಗದ ಕಂಬಕ್ಕೆ ಬೆನ್ನು ಕೊಟ್ಟು ಕೂತಳೆಂದರೆ ಅವಳದೇ ಕಾಯಿದೆ. ಹಾಸನ್ನು ಯಾರೂ ದಾಟುವಂತಿಲ್ಲ. ಮೊದಲ ಎಳೆ ಹಿಡಿದ ಮೇಲೆ ಕೊನೆಯದು ಮುಗಿಯುವ ತನಕ ನಡುವೆ ಯಾರೂ ಅವಳನ್ನು ಹೆಸರು ಹಿಡಿದು ಕರೆಯುವಂತಿಲ್ಲ. ನಾನು ಚಿಕ್ಕವಳಿದ್ದಾಗ ಪಕ್ಕದಲ್ಲಿ ಕೂತು ನೂರು, ನೂರಾ ಒಂದು ಎಂದು ಎಣಿಸಲು ಹೋಗಿ ಮಂಡಿಗೆ ಏಟು ತಿಂದಿದ್ದೇನೆ. ‘ಎಳೆ ಎಣಿಸ್ಬಾರ್ದು ಕಣ್ಣು. ಬಂದಂಗೆ ತಗೋತಾ ಓಗ್ಬೇಕು’ ಅನ್ನುತ್ತಿದ್ದಳು. ಚಿಕ್ಕವರೆಲ್ಲ ಅವಳಿಗೆ ಕಣ್ಣು.

ನಾನು ಹುಟ್ಟಿದಾಗ ಕಾಲು ಚಾಚಿ, ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆನೀರು ಹುಯ್ದವಳು ಅವಳೇ. ನನ್ನಮ್ಮ ಈಗಿಲ್ಲ. ನನ್ನ ಮಗಳು ಹುಟ್ಟಿದಾಗ ನಾನು ಕೇಳುವ ಮೊದಲೇ ಸೆರಗು ಸಿಕ್ಕಿಸಿಕೊಂಡು ಬಚ್ಚಲಿಗೆ ಬಂದು ಕೂತಳು. ನನ್ನ ಗಂಡ ಸೇಲಂ ಬಸ್ಸಿನ ಡ್ರೈವರು, ಬೆಳಗಾದರೆ ಇಲ್ಲ. ನಾನು ಮಗ್ಗದ ಗುಂಡಿಗೆ ಇಳಿದರೆ ಕೂಸು ಅವಳ ಪಾಲು. ಹತ್ತು ತಿಂಗಳ ಕೂಸನ್ನು ಅವಳ ಕೈಗೆ ಕೊಟ್ಟು ನಾನು ನಿಶ್ಚಿಂತೆಯಿಂದ ಲಾಳಿ ಆಡಿಸುತ್ತಿದ್ದೆ. ಇನ್ನು ಮುಂದೆ ಹೇಳುವುದನ್ನು ನನ್ನ ಗಂಡನಿಗೂ ಪೂರ್ತಿ ಹೇಳಿಲ್ಲ.

ಕೈಮಗ್ಗದ ಸೊಸೈಟಿಯಿಂದ ಒಬ್ಬರು ಮೇಡಂ ಬಂದಿದ್ದರು. ಕೆಚ್ಚುವವರು ಎಲ್ಲೂ ಸಿಗುತ್ತಿಲ್ಲ, ಕಲಿಯುವ ಹುಡುಗಿಯರಿಗೆ ತೋರಿಸಲು ವಿಡಿಯೋ ಬೇಕು, ತುಂಡು ತುಂಡಾಗಿ ಅಲ್ಲ, ಮೊದಲ ಎಳೆಯಿಂದ ಕೊನೆಯ ಎಳೆಯವರೆಗೆ ಒಂದೇ ಸಮ ಬೇಕು ಅಂದರು. ಬೀದಿಯಲ್ಲಿ ಡಿಗ್ರಿ ಓದಿದವಳು ನಾನು ಎಂದು ಟ್ಯಾಬ್ಲೆಟ್ಟನ್ನು ನನ್ನ ಕೈಗೆ ಕೊಟ್ಟರು. ದೊಡ್ಡಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ‘ಸಿಲೇಟು ಇದ್ದಂಗೈತೆ’ ಅಂದಳು. ಅವತ್ತಿನಿಂದ ಅದು ಸಿಲೇಟು.

ಮೊದಲ ವಿಡಿಯೋ ನಮ್ಮ ಮನೆಯಲ್ಲೇ. ದೇವರ ಗೂಡಿನ ಕೆಳಗಿನ ಗೂಡಿನಲ್ಲಿ ಸಿಲೇಟನ್ನು ಒರಗಿಸಿ, ಚಾರ್ಜರ್ ಚುಚ್ಚಿಟ್ಟೆ. ಎಂಟು ಗಂಟೆ ಓಡಿತು. ಮುಟ್ಟಿದರೆ ಕೈ ಸುಡುವಷ್ಟು ಬಿಸಿಯಾಗಿತ್ತು, ಆದರೂ ನಿಲ್ಲಲಿಲ್ಲ. ಕೊನೆಗೆ ಹೊಸ ಹಾಸಿನಲ್ಲಿ ಒಂದು ಎಳೆ ಮಿಕ್ಕಿತು. ಹಾಸು ಹಾಕಿದವನು ಕುಡಿದು ಹಾಕಿದ್ದಾನೆ ಎಂದು ಅವಳು ಅದನ್ನು ಚಿವುಟಿ ಎಸೆದಳು. ನಾನೂ ನಕ್ಕೆ.

ಎರಡು ವಾರ ಕಳೆದು ಸೀರೆ ಅರ್ಧಕ್ಕೆ ಬಂದಾಗ ಬೆಳಕಿಗೆ ಹಿಡಿದು ನೋಡಿದೆ. ಕೂದಲಿನಷ್ಟು ಸಣ್ಣ ಗೆರೆ, ಉದ್ದಕ್ಕೂ. ಅಲ್ಲೊಂದು ಹಳೆಯ ಎಳೆಗೆ ಹೊಸದು ಸೇರೇ ಇರಲಿಲ್ಲ. ದೊಡ್ಡಮ್ಮನಿಗೆ ಹೇಳಿದೆ. ಅವಳಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಲವತ್ತು ವರ್ಷದಲ್ಲಿ ಒಂದೂ ಎಳೆ ಬಿಟ್ಟವಳಲ್ಲ ನಾನು, ನಿನ್ನ ಮಗ್ಗದ ಹಣಿಗೆಯಲ್ಲಿ ಹಲ್ಲು ಬಾಗಿದೆ, ಹೋಗಿ ಅದನ್ನು ನೋಡು ಎಂದು ರೇಗಿದಳು. ನನ್ನ ಬಾಯೂ ಸುಮ್ಮನಿರುವಂಥದ್ದಲ್ಲ. ವಿಡಿಯೋ ಇದೆಯಲ್ಲ, ನೋಡೇಬಿಡೋಣ ಅಂದೆ. ಆಣೆಯಾಗಿ ಹೇಳುತ್ತೇನೆ, ಅವಳದೇ ಸರಿ ಎಂದು ತೋರಿಸಿ ಜಗಳ ಮುಗಿಸುವ ಆಸೆ ನನಗೆ.

ಎಂಟು ಗಂಟೆಯ ವಿಡಿಯೋದಲ್ಲಿ ಒಂದು ಎಳೆ ಹುಡುಕುವುದು ಹೇಗೆ? ಬಟ್ಟೆಯ ಮೇಲೆ ಗೇಣು ಹಾಕಿದೆ. ಅವಳು ಕೆಚ್ಚಲು ಶುರುಮಾಡಿದ ಅಂಚಿನಿಂದ ಗೆರೆಗೆ ಮೂರು ಗೇಣು, ಅಲ್ಲಿಂದ ಆಚೆ ಅಂಚಿಗೆ ಎರಡು. ಹಾಗಾದರೆ ಐದನೇ ಗಂಟೆಯ ಆಸುಪಾಸು. ಅಲ್ಲಿಗೆ ಎಳೆದು ನೋಡುತ್ತಾ ಕೂತೆ.

ಆ ಹೊತ್ತಿಗೆ ನಾನು ಹಿಟ್ಟಿನ ಮಿಲ್ಲಿಗೆ ಹೋಗಿದ್ದೆ. ಬಾಗಿಲು ಎಳೆದುಕೊಂಡ ಸದ್ದು ವಿಡಿಯೋದಲ್ಲಿದೆ. ಅವಳು ಕೆಚ್ಚುತ್ತಿದ್ದಾಳೆ. ಎಳೆ, ಹೊಸೆತ, ಎಳೆ, ಹೊಸೆತ. ಆಮೇಲೆ ಕೈ ನಿಂತಿತು. ಎರಡು ಎಳೆ ಬೆರಳ ಸಂದಿಯಲ್ಲೇ ಇವೆ, ಕಣ್ಣು ತೆರೆದೇ ಇದೆ. ಟ್ಯಾಬ್ ಹ್ಯಾಂಗ್ ಆಯಿತು ಅಂದುಕೊಂಡೆ. ಎರಡು ಸಲ ತಟ್ಟಿದೆ. ಆಗ ಹಿಂದೆ, ತೊಲೆಗೆ ಕಟ್ಟಿದ ಸೀರೆ ಜೋಲಿ ಅಲ್ಲಾಡುತ್ತಿರುವುದು ಕಂಡಿತು.

ನನ್ನ ಮಗಳು ಎದ್ದಿದ್ದಳು. ಜೋಲಿಯ ಅಂಚಿನಿಂದ ಮೊದಲು ಒಂದು ಕಾಲು ಬಂತು, ಆಮೇಲೆ ಸೊಂಟದವರೆಗೆ ಮೈ ಬಂತು. ಕೆಳಗೆ ಬರೀ ಸಿಮೆಂಟು ನೆಲ. ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕಿರುಚುತ್ತಿದ್ದಾಳೆ. ದೊಡ್ಡಮ್ಮ ಅವಳಿಂದ ಮೂರು ಮೊಳ ದೂರದಲ್ಲಿ ಕೂತಿದ್ದಾಳೆ, ರೆಪ್ಪೆಯನ್ನೂ ಆಡಿಸುತ್ತಿಲ್ಲ. ನಾಲ್ಕು ನಿಮಿಷ. ನಾನು ಉಸಿರು ಹಿಡಿದು ಪೂರ್ತಿ ನೋಡಿದೆ, ಮಗಳು ನನ್ನ ಮಡಿಲಲ್ಲೇ ಮಲಗಿದ್ದಳು, ಆದರೂ. ನಾಲ್ಕು ನಿಮಿಷದ ನಂತರ ದೊಡ್ಡಮ್ಮನ ಬೆರಳು ಸಂದಿಯಲ್ಲಿದ್ದ ಎರಡು ಎಳೆಗಳನ್ನು ಹೊಸೆಯಿತು, ಮುಂದಿನ ಹಳೆಯ ಎಳೆಯನ್ನು ಹಾರಿಸಿ ಅದರಾಚೆಯದನ್ನು ಹಿಡಿಯಿತು. ಆಮೇಲೆ ಅಳು ಅವಳ ಕಿವಿಗೆ ಬಿತ್ತು. ‘ಬಂದೆ ಬಂದೆ ಕಣ್ಣು’ ಎಂದು ಎದ್ದು ಕೂಸನ್ನು ಎತ್ತಿಕೊಂಡಳು. ನಾನು ಮಿಲ್ಲಿನಿಂದ ಬಂದಾಗ, ಈಗ ತಾನೇ ಎದ್ದಳು ಅಂದಿದ್ದಳು. ಅವಳು ಸುಳ್ಳು ಹೇಳಿರಲಿಲ್ಲ, ಅವಳ ಪಾಲಿಗೆ ಅದು ಈಗ ತಾನೇ.

ನನಗೆ ಬಂದದ್ದು ಕನಿಕರ ಅಲ್ಲ, ಕೋಪ. ಮೂರು ದಿನ ಅವಳ ಮುಖ ಸರಿಯಾಗಿ ನೋಡಲಿಲ್ಲ. ಕೂಸಿಗೆ ನೀರು ಹುಯ್ಯುವಾಗ ಏನೋ ನೆಪ ಹೇಳಿ ಪಕ್ಕದಲ್ಲೇ ನಿಂತೆ. ಹಂಡೆಯ ನೀರಿಗೆ ಅವಳು ಚೊಂಬು ಅದ್ದಿದಾಗಲೆಲ್ಲ ಕೈ ನಿಲ್ಲುತ್ತದೋ ಎಂದು ಕಾಯುತ್ತಿದ್ದೆ. ಮೂರನೇ ದಿನ ಅವಳೇ ಕೇಳಿದಳು. ಏನು, ನನ್ನ ಮೇಲೆ ಕಾವಲು ಹಾಕಿದ್ದೀಯಾ ಎಂದು ನಗುತ್ತಲೇ ಕೇಳಿದಳು. ಕೂಸನ್ನು ಒರೆಸಿ ಮಲಗಿಸಿ, ಸಿಲೇಟು ತಂದು ಅವಳ ಮುಂದೆ ಇಟ್ಟೆ.

ಸ್ವಲ್ಪ ಹೊತ್ತು ನೋಡಿ, ‘ನಿಂತೋಯ್ತಲ್ಲೇ ನಿನ್ ಸಿಲೇಟು’ ಅಂದಳು.

‘ಸಿಲೇಟು ನಿಂತಿಲ್ಲ ದೊಡ್ಡಮ್ಮ. ಇಂದ್ಗಡೆ ಜೋಲಿ ನೋಡು.’

ನೋಡಿದಳು. ಕೊನೆಯವರೆಗೂ ನೋಡಿದಳು. ‘ಕೂಸು ಬಿದ್ದೋಗಿದ್ರೆ?’ ಅಂದಳು. ಆಮೇಲೆ ಎದ್ದು ತನ್ನ ಮನೆಗೆ ಹೋದಳು.

ಮಾರನೆಯ ದಿನ ಬಚ್ಚಲಿಗೆ ಬಂದು ಕೂತು, ಕಾಲು ಚಾಚಿ, ಮತ್ತೆ ಮಡಿಚಿಕೊಂಡಳು. ನೀನು ಕೂತ್ಕೋ, ನಾನು ಹೇಳಿಕೊಡ್ತೀನಿ ಅಂದಳು. ಕತ್ತಿನ ಕೆಳಗೆ ಕೈ ಹೇಗಿರಬೇಕು, ನೀರು ಎಲ್ಲಿಂದ ಹುಯ್ಯಬೇಕು, ಮೂಗು ಹೇಗೆ ತಿದ್ದಬೇಕು ಎಲ್ಲ ಬಾಯಲ್ಲೇ ಹೇಳಿದಳು. ಕೂಸು ಅವಳ ಕಡೆ ಕೈ ಚಾಚಿ ಅತ್ತರೂ ಮುಟ್ಟಲಿಲ್ಲ. ಅವತ್ತಿನಿಂದ ನಾನು ಜೊತೆಗಿಲ್ಲದೆ ನನ್ನ ಮಗಳನ್ನು ಒಂದು ದಿನವೂ ಎತ್ತಿಕೊಳ್ಳಲಿಲ್ಲ.

ಕೂಸಿನ ವಿಷಯದಲ್ಲಿ ಇಷ್ಟು ಗಟ್ಟಿಯಾದವಳು ಕೆಚ್ಚುವ ವಿಷಯಕ್ಕೆ ಬಂದರೆ ಬೇರೆಯೇ ಆಗಿದ್ದಳು. ‘ಯಾರ್ಗೂ ಯೋಳ್ಬೇಡ ಕಣ್ಣು. ವಲಿಪ್ಪು, ಮೂರ್ಛೆ ಕಾಯ್ಲೆ ಅಂತ ಯೆಸರಿಕ್ಕಿ, ಕೈಗೆ ಕಬ್ಬುಣದ ತುಂಡು ಕೊಟ್ಟು ಮೂಲೇಲಿ ಕುಂಡ್ರುಸ್ತಾರೆ. ಆಮ್ಯಾಕೆ ಯಾವ ಮನೆಯಾಗೂ ನನ್ನನ್ನ ಆಸು ಮುಟ್ಟಾಕೆ ಬಿಡಲ್ಲ’ ಅಂದಳು. ಬೀದಿಯ ಸಂಗತಿ ಗೊತ್ತಿದ್ದ ನನಗೆ ಅದು ಸುಳ್ಳು ಅನ್ನಲಾಗಲಿಲ್ಲ. ಹಾಗೆ ಬಂದವರ ಕೈಗೆ ಬೀಗದ ಕೈಗೊಂಚಲು ತುರುಕುವುದನ್ನು ನಾನೇ ಕಂಡಿದ್ದೇನೆ. ಅರ್ಧ ಕೆಚ್ಚಿದ ಹಾಸಿನ ಮುಂದೆ ಮೈಮರೆತು ಕೂತವಳು ಎಂದು ಗೊತ್ತಾದರೆ ಅಪಶಕುನ ಎಂದೇ ಬಾಗಿಲು ಹಾಕುತ್ತಿದ್ದರು. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಸೇಲಂಗೆ ಕಣ್ಣು ತೋರಿಸಲು ಎಂದು ಬೀದಿಗೆಲ್ಲ ಹೇಳಿ, ನನ್ನ ಗಂಡನ ಬಸ್ಸು ಬಿಟ್ಟು ಬೇರೆ ಬಸ್ಸು ಹತ್ತಿ ಡಾಕ್ಟರ ಹತ್ತಿರ ಹೋದೆವು. ಆ ಡಾಕ್ಟರು ನಾಲ್ಕು ನಿಮಿಷವನ್ನೂ ಓಡಿಸದೆ ನೋಡಿದರು. ಇಂಥ ವಿಡಿಯೋ ನಮಗೆ ಸಿಗುವುದೇ ಇಲ್ಲ, ಬಹಳ ಒಳ್ಳೆಯದಾಯಿತು ಅಂದರು. ಮಾತ್ರೆ ಬರೆದರು. ಬಂದಾಗ ಹಿಡಿದು ಅಲುಗಾಡಿಸಬೇಡಿ, ಬಾಯಿಗೇನೂ ಹಾಕಬೇಡಿ, ಪಕ್ಕದಲ್ಲಿ ಕೂತು ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಮಾತ್ರ ಒಂದು ಕ್ಷಣ ಕಾಯದೆ ಗಾಡಿ ಹತ್ತಿಸಿ ಎಂದು ನನ್ನ ಕಡೆ ಬೆರಳು ಮಾಡಿ, ತಮಿಳಿನಲ್ಲಿ ಎರಡು ಸಲ ಹೇಳಿದರು. ಬಸ್ಸಿನಲ್ಲಿ ವಾಪಸು ಬರುವಾಗ ದೊಡ್ಡಮ್ಮ ಅದನ್ನೇ ನನಗೆ ಕನ್ನಡದಲ್ಲಿ ಹೇಳಿಕೊಟ್ಟಳು, ನಾನೇನೋ ತಮಿಳು ಬಾರದವಳು ಅನ್ನುವ ಹಾಗೆ.

ಆಮೇಲೆ ಸಿಲೇಟಿಗೆ ಬೇರೆ ಕೆಲಸ ಬಂತು. ಸೊಸೈಟಿಯ ವಿಡಿಯೋ ಎಂಬ ನೆಪದಲ್ಲಿ ಅವಳು ಕೆಚ್ಚುವ ಮನೆಗೆಲ್ಲ ನಾನು ಅದನ್ನು ಹೊತ್ತು ಹೋಗುತ್ತಿದ್ದೆ, ಬೆಳಿಗ್ಗೆಯಿಂದ ಸಾಯಂಕಾಲದವರೆಗೆ ಪಕ್ಕದಲ್ಲೇ ಕೂರುತ್ತಿದ್ದೆ. ಕೈ ನಿಂತರೆ ನಾನೇ ಏನಾದರೂ ಮಾತು ತೆಗೆದು ಮನೆಯವರ ಗಮನ ಬೇರೆ ಕಡೆ ಎಳೆಯುತ್ತಿದ್ದೆ. ಹೆಸರು ಹಿಡಿದು ಕರೆಯಬಾರದು ಎಂಬ ಅವಳ ಹಳೆಯ ಕಾಯಿದೆ ಈಗ ನಮ್ಮಿಬ್ಬರಿಗೂ ಉಪಕಾರಕ್ಕೆ ಬಂತು. ಮನೆಗೆ ಬಂದು ದೀಪ ಹಚ್ಚುವ ಹೊತ್ತಿಗೆ ಇಬ್ಬರೂ ಕೂತು ವಿಡಿಯೋವನ್ನು ಓಡಿಸಿ ನೋಡುತ್ತಿದ್ದೆವು. ಅವಳ ಬೆರಳುಗಳು ಜೀರುಂಡೆಯ ರೆಕ್ಕೆಯ ಹಾಗೆ ಅದುರುತ್ತಾ ಅದುರುತ್ತಾ, ಫಕ್ಕನೆ ನಿಲ್ಲುವವು. ‘ಇಲ್ನೋಡು, ಇಲ್ಲಿ ಓಗಿದೀನಿ’ ಎಂದು ಬೆರಳಿಟ್ಟು ತೋರಿಸುತ್ತಿದ್ದಳು. ಒಂದು ದಿನ ಕೇಳಿದಳು: ‘ಎಲ್ಲಿಗ್ ಓಗಿರ್ತೀನಿ ಅಂತ ಇದ್ರಾಗೆ ಕಾಣ್ಸಲ್ವಾ?’ ನಾನು ತಮಾಷೆ ಮಾಡಿ ಜಾರಿಕೊಂಡೆ.

ಮಾತ್ರೆ ನುಂಗಿದರೆ ಬೆರಳಿಗೆ ಮಂಪರು ಬರುತ್ತದೆ, ಎಳೆ ಸಿಗುವುದಿಲ್ಲ ಅನ್ನುತ್ತಿದ್ದಳು. ಕೆಲಸವಿರುವ ದಿನ ನುಂಗುತ್ತಿರಲಿಲ್ಲ. ನನಗೆ ಗೊತ್ತಿತ್ತು. ಬೈದೆ, ಆದರೆ ಬಾಯಿ ತೆರೆಸಿ ಹಾಕಲಿಲ್ಲ.

ಒಂದು ದಿನ ಕೈ ಐದು ನಿಮಿಷ ದಾಟಿಯೂ ನಿಂತಿತ್ತು. ನಾನು ಗಾಬರಿಯಿಂದ ಎದ್ದು ಆಟೋದವನಿಗೆ ಫೋನು ಮಾಡಲು ನಂಬರು ಒತ್ತುತ್ತಿದ್ದೆ, ಅಷ್ಟರಲ್ಲಿ ಬೆರಳು ಹೊಸೆಯಿತು. ಯಾರಿಗೆ ಫೋನು ಎಂದು ಕೇಳಿದಳು. ಆಟೋ ಬಂದು ಬಾಗಿಲಲ್ಲಿ ನಿಂತಿದ್ದರೆ ಬೀದಿಯಲ್ಲಿ ನನ್ನ ಬಾಳು ಮುಗಿಯುತ್ತಿತ್ತು, ಇನ್ನೊಂದು ಸಲ ಇಷ್ಟು ಅವಸರ ಮಾಡಬೇಡ ಅಂದಳು. ನಾನು ಒಪ್ಪಿದೆ. ಮುಂದಿನ ತಿಂಗಳು ಒಂದು ಸಲ ಆರು ನಿಮಿಷವಾಯಿತು, ಕಾದೆ, ಬಂದಳು. ಇನ್ನೊಂದು ಸಲ ಏಳೂವರೆ. ಒಂಬತ್ತು ಕೂಡ ಆಯಿತು. ಪ್ರತಿ ಸಲ ವಾಪಸು ಬಂದು, ನೋಡಿದೆಯಾ, ಬಂದೆ ತಾನೇ ಅನ್ನುತ್ತಿದ್ದಳು. ಡಾಕ್ಟರು ಹೇಳಿದ ಐದು ನಿಮಿಷವನ್ನು ನಾವಿಬ್ಬರೂ ಸೇರಿಕೊಂಡು ಹೀಗೆ ಸವೆಸಿಬಿಟ್ಟೆವು. ನಾನು ಓದಿದವಳು. ಅವಳಿಗಿಂತ ತಪ್ಪು ನನ್ನದೇ ಜಾಸ್ತಿ.

ಅವತ್ತು ನಮ್ಮ ಮನೆಯ ಹಾಸೇ. ಮಗಳಿಗೆ ಚುಚ್ಚುಮದ್ದು ಹಾಕಿಸುವ ದಿನ. ದೊಡ್ಡಮ್ಮನನ್ನು ಒಬ್ಬಳೇ ಬಿಟ್ಟು ಹೋಗಲು ಮನಸ್ಸು ಬರಲಿಲ್ಲ. ಸಿಲೇಟು ಇದೆಯಲ್ಲ, ಅದು ನೋಡಿಕೊಳ್ಳುತ್ತದೆ, ನೀನು ಹೋಗು ಎಂದು ಅವಳೇ ಕಳಿಸಿದಳು. ನಾನು ಗೂಡಿನಲ್ಲಿ ಅದನ್ನು ಒರಗಿಸಿ, ಕೆಂಪು ಚುಕ್ಕೆ ಬಂತೇ ಎಂದು ನೋಡಿ ಹೊರಟೆ.

ಮಧ್ಯಾಹ್ನ ಬಂದಾಗ ಕಂಬಕ್ಕೆ ಒರಗಿ ಕೂತಿದ್ದಳು. ಎಳೆ ಬೆರಳ ಸಂದಿಯಲ್ಲಿತ್ತು, ಕಣ್ಣು ತೆರೆದಿತ್ತು. ಓ, ಹೋಗಿದ್ದಾಳೆ ಅಂದುಕೊಂಡೆ. ಮಗಳನ್ನು ಚಾಪೆಯ ಮೇಲೆ ಬಿಟ್ಟು, ಗಡಿಯಾರ ನೋಡಿ, ಪಕ್ಕದಲ್ಲಿ ಕೂತೆ. ಹೀಗೆ ಕೂತಾಗ ಸುಮ್ಮನೆ ಅವಳಿಗೆ ಏನಾದರೂ ಹೇಳುತ್ತಿರುವುದು ನನಗೆ ರೂಢಿಯಾಗಿತ್ತು. ಐದಾಯಿತು. ಒಂಬತ್ತಾಯಿತು. ಒಂಬತ್ತರ ತನಕ ಮುಂಚೆಯೂ ಹೋಗಿದ್ದಳಲ್ಲ, ಹತ್ತೂ ಆಗಲಿ ಅಂದುಕೊಂಡೆ. ಹದಿನೈದಾದಾಗ ಎದ್ದು ಬಾಗಿಲಿಗೆ ಬಂದೆ. ಎದುರು ಮನೆಯಾಕೆ ಹಪ್ಪಳ ಒಣಹಾಕುತ್ತಿದ್ದವಳು, ದೊಡ್ಡಮ್ಮ ಕೆಚ್ಚಿ ಆಯಿತಾ, ನಾಳೆ ನಮ್ಮನೆಗೆ ಬರುತ್ತಾಳಾ ಎಂದು ಕೇಳಿದಳು. ಆಗ ಕೂಗಿಕೊಳ್ಳಬಹುದಿತ್ತು. ‘ಇನ್ನೂ ಆಗಿಲ್ಲ ಅಕ್ಕ, ಬರ್ತಾಳೆ’ ಅಂದೆ. ಅಂದು ಒಳಗೆ ಬಂದೆ. ಇಪ್ಪತ್ತೆರಡನೇ ನಿಮಿಷಕ್ಕೆ ಅವಳ ಕೈ ಹಿಡಿದೆ. ಅದು ನಾನು ಬಲ್ಲ ಕೈ ಆಗಿರಲಿಲ್ಲ.

ಬೀದಿಯವರು ಪುಣ್ಯವಂತೆ ಅಂದರು, ಕೆಲಸ ಮಾಡುತ್ತಾ ಮಾಡುತ್ತಾ ಕೂತಲ್ಲೇ ಹೋದಳು ಅಂದರು. ನೀನೊಬ್ಬಳು ಜೊತೆಗಿದ್ದೆಯಲ್ಲ ಎಂದು ನನ್ನ ತಲೆ ಸವರಿದರು. ಅರ್ಧ ಕೆಚ್ಚಿದ ಹಾಸನ್ನು ಕತ್ತರಿಸಿ ಹಾಕಲು ಹಿರಿಯರು ಹೇಳಿದರು, ನಾನು ಬಿಡಲಿಲ್ಲ. ಎಲ್ಲ ಮುಗಿದ ಮೇಲೆ ಅವಳ ಜಾಗದಲ್ಲಿ ಕೂತು ಮಿಕ್ಕ ಎಳೆಗಳನ್ನು ನಾನೇ ಕೆಚ್ಚಿದೆ. ನಾಲ್ಕು ದಿನ ಹಿಡಿಯಿತು. ಆ ಸೀರೆಯ ಒಂದು ಪಕ್ಕ ಕನ್ನಡಿಯಂತಿದೆ, ಇನ್ನೊಂದು ಪಕ್ಕ ತುಂಬಾ ಗೆರೆ. ಈಗ ಬೀದಿಯವರು ಕೆಚ್ಚಲು ನನ್ನನ್ನೇ ಕರೆಯುತ್ತಾರೆ. ಹೋಗುತ್ತೇನೆ.

ಟ್ಯಾಬ್ಲೆಟ್ಟನ್ನು ಸೊಸೈಟಿಗೆ ಹಿಂದಿರುಗಿಸುವ ಮುಂಚೆ ಆ ದಿನದ ವಿಡಿಯೋವನ್ನು ಒಂದೇ ಒಂದು ಸಲ ನೋಡಿದೆ. ನಾನು ಬರುವ ಮೊದಲೇ ಅವಳು ಹೋಗಿದ್ದಳು, ನಾನು ಕಾದದ್ದರಿಂದ ಏನೂ ಕೆಟ್ಟಿಲ್ಲ ಎಂದು ತಿಳಿದುಕೊಳ್ಳುವ ಆಸೆಯಿಂದ ನೋಡಿದೆ. ಬಾಗಿಲಲ್ಲಿ ನನ್ನ ಚಪ್ಪಲಿಯ ಸದ್ದು ಕೇಳುತ್ತದೆ. ದೊಡ್ಡಮ್ಮ ಆ ಕಡೆ ಕತ್ತು ತಿರುಗಿಸಿ ನಗುತ್ತಾಳೆ. ಮುಂದಿನ ಎಳೆ ಹಿಡಿಯುತ್ತಾಳೆ, ಅಷ್ಟಕ್ಕೇ ಕೈ ನಿಲ್ಲುತ್ತದೆ. ನಾನು ಬಂದು ಕೂರುತ್ತೇನೆ. ಅವಳ ಸೆರಗು ಉಸಿರಿಗೆ ಏಳುತ್ತಾ ಇಳಿಯುತ್ತಾ ಇದೆ. ಐದನೇ ನಿಮಿಷದಲ್ಲೂ ಏಳುತ್ತಿದೆ, ಎಂಟರಲ್ಲೂ ಏಳುತ್ತಿದೆ, ಹನ್ನೊಂದನೇ ನಿಮಿಷದಲ್ಲಿ ನಿಲ್ಲುತ್ತದೆ. ಅಷ್ಟು ಹೊತ್ತೂ ನಾನು ಪಕ್ಕದಲ್ಲೇ ಇದ್ದೇನೆ, ನನ್ನ ದನಿಯೂ ಸ್ಪಷ್ಟವಾಗಿ ಕೇಳುತ್ತದೆ. ಸೂಜಿ ಚುಚ್ಚಿದಾಗ ಪಾಪ ಕೂಸು ಎಷ್ಟು ಅತ್ತಳು ಎಂದು ನಾನು ಅವಳಿಗೆ ಹೇಳುತ್ತಿದ್ದೇನೆ.